67ನೇ ಜಲಮಾರ್ಗ ಮತ್ತು ನಮ್ಮ ಬೆಣ್ಣಿಹಳ್ಳ

ಮಲಪ್ರಭೆಯಲ್ಲಿ ಹಡಗು ಓಡುತ್ತದೆ ಎಂದು ನವಲಗುಂದದ ಯಾವ ಚಹಾದಂಗಡಿಯಲ್ಲಿ ಹೇಳಿದರೂ ಜನ ನಗುತ್ತಾರೆ. ದೇಶದ ಕಾನೂನು ಮಾತ್ರ ನಗುವುದಿಲ್ಲ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ 111 ಜಲಮಾರ್ಗಗಳ ಪಟ್ಟಿ ಕೊಟ್ಟಿದೆ. ಅದರಲ್ಲಿ 67ನೆಯದು ಮಲಪ್ರಭಾ. 68ನೆಯದು ಮಾಂಡೋವಿ, ಅಂದರೆ ಗೋವಾಕ್ಕೆ ಹೋಗಿ ಹೆಸರು ಬದಲಿಸಿಕೊಂಡ ಮಹದಾಯಿ. ಯಾವ ಎರಡು ನದಿಗಳ ನೀರಿಗಾಗಿ ಎರಡು ರಾಜ್ಯಗಳು ದಶಕಗಳಿಂದ ಕಾದಾಡುತ್ತಿವೆಯೋ ಅವೆರಡೂ ಅಕ್ಷರಮಾಲೆಯ ಕೃಪೆಯಿಂದ ಈ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿವೆ. ಮಾಂಡೋವಿಯಲ್ಲಿ ಅದಿರು ತುಂಬಿದ ಬಾರ್ಜ್‌ಗಳು ನಿಜವಾಗಿ ಓಡಾಡಿವೆ. ನಮ್ಮ ಮಲಪ್ರಭೆಯಲ್ಲಿ ಅಣೆಕಟ್ಟು ದಾಟಿದ ಮೇಲೆ ಬೇಸಿಗೆಯಲ್ಲಿ ಓಡಾಡುವುದು ಮರಳಿನ ಟ್ರ್ಯಾಕ್ಟರು.

ಆ ಕಾಯ್ದೆ ಜಾರಿಗೆ ಬಂದದ್ದು 2016ರ ಏಪ್ರಿಲ್ 12ರಂದು. ಮೂರೂವರೆ ತಿಂಗಳ ಬಳಿಕ, ಜುಲೈ 27ರಂದು, 7.56 ಟಿಎಂಸಿ ನೀರು ಕೇಳಿದ್ದ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ಮಹದಾಯಿ ನ್ಯಾಯಮಂಡಳಿ ತಳ್ಳಿಹಾಕಿತು. ನವಲಗುಂದ ಸೀಮೆ ರೊಚ್ಚಿಗೆದ್ದಿತು. ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಮುದುಕರು, ಹೆಂಗಸರು ಎನ್ನದೆ ಬಡಿದದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಅದೇ ವರ್ಷ, ಅದೇ ಮಲಪ್ರಭೆ. ದಿಲ್ಲಿಯ ಕಾಗದದಲ್ಲಿ ಅದು ಸರಕು ಸಾಗಿಸುವ ದಾರಿ. ಯಮನೂರಿನಲ್ಲಿ ಅದು ಕುಡಿಯುವ ನೀರಿಗಾಗಿ ತಿಂದ ಲಾಠಿ ಏಟು.

ನಾನು ಮಹದಾಯಿ ಹೋರಾಟದ ವಿರೋಧಿಯಲ್ಲ. 2018ರ ಐತೀರ್ಪು ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಲು ಒಪ್ಪಿದೆ. 2020ರಲ್ಲಿ ಕೇಂದ್ರ ಅದನ್ನು ಅಧಿಸೂಚನೆಯಾಗಿಯೂ ಹೊರಡಿಸಿತು. ಆ ಪಾಲು ನಮ್ಮದೇ. ನನ್ನ ತಕರಾರು ಬೇರೆ. ಹೊರಗಿನಿಂದ ಬರಬೇಕಾದ ನೀರಿಗಾಗಿ ಬೀದಿಗಿಳಿದ ನಾವು, ಮನೆ ಮುಂದೆ ಹರಿಯುವ ನೀರಿಗೆ ಏನು ಮಾಡಿದ್ದೇವೆ? ಏಟು ತಿಂದ ಯಮನೂರು ಇರುವುದು ಬೆಣ್ಣಿಹಳ್ಳದ ದಂಡೆಯ ಮೇಲೆ. ಆ ಹಳ್ಳದ ಬಗ್ಗೆ ನಮ್ಮಲ್ಲಿ ಒಂದು ಘೋಷಣೆಯೂ ಇಲ್ಲ, ಒಂದು ಮೆರವಣಿಗೆಯೂ ಇಲ್ಲ.

ಬೆಣ್ಣಿಹಳ್ಳವನ್ನು ಕಾಣದವರಿಗೆ ಸ್ವಲ್ಪ ಹೇಳುತ್ತೇನೆ. ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳ ಎರಿ ನೆಲದಲ್ಲಿ ಹಾವಿನಂತೆ ಹೊರಳಾಡಿ, ರೋಣ ತಾಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಯನ್ನು ಕೂಡುತ್ತದೆ. ಧಾರವಾಡ ಕಡೆಯಿಂದ ಬರುವ ತುಪ್ಪರಿಹಳ್ಳ ನಡುವೆ ಇದನ್ನು ಸೇರುತ್ತದೆ. ಒಂದರ ಹೆಸರಲ್ಲಿ ಬೆಣ್ಣೆ, ಇನ್ನೊಂದರ ಹೆಸರಲ್ಲಿ ಕಿವಿಗೆ ತುಪ್ಪ. ಕೈಯಲ್ಲಿ ಮುಟ್ಟಲು ಮಾತ್ರ ಧೈರ್ಯ ಬೇಕು. ಹುಬ್ಬಳ್ಳಿಯ ಉಣಕಲ್ ನಾಲಾ ಊರಿನ ಕೊಳೆಯನ್ನೆಲ್ಲ ಹೊತ್ತುಕೊಂಡು ಕೊನೆಗೆ ಸೇರುವುದು ಇದೇ ಹಳ್ಳಕ್ಕೆ. ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಮಲಪ್ರಭೆಗೆ ಸೇರುವ ದೊಡ್ಡ ಹಳ್ಳವೂ ಇದೇ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿಗಳಲ್ಲಿ ಮಲಪ್ರಭೆಯೂ ಒಂದು.

ಯಮನೂರಿನ ಚಾಂಗದೇವರ ಜಾತ್ರೆಗೆ ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ಜನ ಬರುತ್ತಾರೆ. ಬೆಣ್ಣಿಹಳ್ಳದಲ್ಲಿ ಮಿಂದರೆ ಮೈಮೇಲಿನ ಚರ್ಮರೋಗ ಹೋಗುತ್ತದೆ ಎಂಬುದು ಅವರ ನಂಬಿಕೆ. ಈ ನಂಬಿಕೆಯನ್ನು ನೋಡಿ ನಗುವ ಜಾಣರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನನಗೆ ನಗು ಬರುವುದಿಲ್ಲ. ಚರ್ಮರೋಗ ವಾಸಿಯಾಗಲೆಂದು ಮುಳುಗುವ ನೀರಿಗೆ ಮಹಾನಗರದ ಗಟಾರವನ್ನು ಬಿಟ್ಟವರು ಭಕ್ತರಲ್ಲ.

ಇನ್ನು ನಮ್ಮ ಮನೆಯ ತಪ್ಪಿಗೆ ಬರುತ್ತೇನೆ. ನಮ್ಮ ಅಜ್ಜನ ಹೊಲ ಹಳ್ಳದ ದಂಡಿಗಿತ್ತು. ಹೊಲಕ್ಕೂ ಹಳ್ಳಕ್ಕೂ ನಡುವೆ ಒಂದು ಪಟ್ಟಿ ನೆಲವನ್ನು ಅವರು ಎಂದೂ ಉಳಲಿಲ್ಲ. ಅಲ್ಲಿ ಕರಡ ಬೆಳೆಯುತ್ತಿತ್ತು, ಎತ್ತು ಮೇಯುತ್ತಿದ್ದವು, ನಾಲ್ಕು ಹೊಂಗೆ, ಎರಡು ನೇರಳೆ ಗಿಡ ಇದ್ದವು. ಯಾಕೆ ಬಿತ್ತುವುದಿಲ್ಲ ಎಂದು ಕೇಳಿದರೆ, "ಅದು ಹಳ್ಳದ ಪಾಲು, ತಮ್ಮಾ. ಅದಕ್ಕ ಸಿಟ್ಟು ಬಂದಾಗ ಕೂಡಾಕ ಜಾಗ ಬೇಕಲ್ಲ?" ಎನ್ನುತ್ತಿದ್ದರು. ಅಜ್ಜ ಹೋದ ಮೇಲೆ ಹೊಲ ಪಾಲಾಯಿತು. ಪಾಲು ಸಣ್ಣದಾದಂತೆ ಹಳ್ಳದ ಪಾಲಿನ ಮೇಲೆ ಕಣ್ಣು ಬಿತ್ತು. ಗಿಡ ಕಡಿದೆವು, ದಂಡೆಯ ತುದಿವರೆಗೆ ನೇಗಿಲು ಹೊಡೆದೆವು. ಎಲ್ಲರೂ ಹಾಗೇ ಮಾಡಿದರು. ಹಳ್ಳ ಇಕ್ಕಟ್ಟಾಯಿತು, ಒಳಗೆ ಜಾಲಿಕಂಟಿ ಬೆಳೆಯಿತು, ಉತ್ತ ದಂಡೆಯ ಎರಿಮಣ್ಣು ಮಳೆಗೆ ಕರಗಿ ಹೂಳಾಯಿತು.

2009ರಲ್ಲಿ ಹಳ್ಳ ಬಂತು, 2019ರ ಆಗಸ್ಟಿನಲ್ಲಿ ಮತ್ತೆ ಬಂತು. ಇದರ ಸ್ವಭಾವವೇ ಹಾಗೆ. ಮೇಲೆ ಶಿಗ್ಗಾವಿ, ಹುಬ್ಬಳ್ಳಿಯಲ್ಲಿ ಮಳೆಯಾದರೆ ಕೆಳಗೆ ನವಲಗುಂದದಲ್ಲಿ ಬಿಸಿಲಿದ್ದರೂ ಹಳ್ಳ ತುಂಬಿ ಬರುತ್ತದೆ. ಎರಿ ನೆಲ ಬಿಸಿಲಿಗೆ ಬಾಯಿಬಿಟ್ಟು ಮೊದಲ ಮಳೆಯನ್ನು ಕುಡಿಯುತ್ತದೆ. ಒಮ್ಮೆ ಹಸಿಯಾಗಿ ಬಿರುಕು ಮುಚ್ಚಿತೆಂದರೆ ಮುಂದಿನ ಮಳೆಯನ್ನೆಲ್ಲ ಹಳ್ಳಕ್ಕೆ ತಳ್ಳುತ್ತದೆ. 2019ರಲ್ಲಿ ನಮ್ಮ ಹೆಸರು, ಹತ್ತಿಯ ಜತೆಗೆ ಒಂದು ಮೊಳ ಮೇಲ್ಮಣ್ಣೂ ಹೋಯಿತು. ಹೋದದ್ದು ಎಲ್ಲಿಂದ? ಅಜ್ಜ ಬಿಟ್ಟಿದ್ದ, ನಾವು ಉತ್ತಿದ್ದ ಪಟ್ಟಿಯಿಂದಲೇ.

ಪ್ರತಿ ಪ್ರವಾಹದ ಬಳಿಕ ಮಂತ್ರಿಗಳು ಬರುತ್ತಾರೆ, ಪ್ರತಿ ಬಾರಿಯೂ ಒಂದೇ ಔಷಧಿ ಬರೆಯುತ್ತಾರೆ: ಹೂಳೆತ್ತಿ, ಆಳ ಮಾಡಿ, ಅಗಲ ಮಾಡಿ, ಎರಡೂ ಕಡೆ ಒಡ್ಡು ಕಟ್ಟಿ, ಸೊಟ್ಟ ಇದ್ದಲ್ಲಿ ನೆಟ್ಟಗೆ ಮಾಡಿ. ಊರವರೂ ಅದನ್ನೇ ಕೇಳುತ್ತಾರೆ. ಬೆಳೆ ಕಳೆದುಕೊಂಡವನಿಗೆ ಜೆಸಿಬಿ ದೇವರಂತೆ ಕಾಣುವುದು ಸಹಜ. ಸೇತುವೆಯ ಬುಡದಲ್ಲಿ, ಊರಿನ ಅಂಚಿನಲ್ಲಿ ಹೂಳು ತೆಗೆಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಡೀ ಹಳ್ಳವನ್ನು ನೆಟ್ಟನೆಯ ಕಾಲುವೆ ಮಾಡಿದರೆ ನೀರಿನ ವೇಗ ಹೆಚ್ಚುತ್ತದೆ. ಕುಂದಗೋಳದಲ್ಲಿ ಕಳೆದ ಪ್ರವಾಹ ನವಲಗುಂದಕ್ಕೆ ಬೇಗ ಬರುತ್ತದೆ, ನವಲಗುಂದದಲ್ಲಿ ಕಳೆದದ್ದು ರೋಣದವರ ತಲೆಗೆ. ಬುಡ ಕೊರೆದ ಎರಿಮಣ್ಣಿನ ದಂಡೆ ಹೋಳು ಹೋಳಾಗಿ ಕುಸಿಯುತ್ತದೆ. ಕೆಲವೇ ಮಳೆಗಾಲಗಳಲ್ಲಿ ಹೂಳು ಮತ್ತೆ ತುಂಬುತ್ತದೆ, ಟೆಂಡರ್ ಮತ್ತೆ ಕರೆಯಬೇಕಾಗುತ್ತದೆ. ಹಳ್ಳಕ್ಕೆ ಹೂಳೆತ್ತುವ ರೋಗ ಹಿಡಿಯಿತೆಂದರೆ ಗುತ್ತಿಗೆದಾರನ ಮೂರು ತಲೆಮಾರಿಗೆ ಚಿಂತೆಯಿಲ್ಲ.

ಇದು ನನ್ನ ಕಲ್ಪನೆಯಲ್ಲ. ನಿಜವಾಗಿಯೂ ಹಡಗು ಓಡುವ ರೈನ್ ನದಿಯನ್ನು ಜರ್ಮನಿಯ ಇಂಜಿನಿಯರ್ ಟುಲ್ಲಾ 1817ರಿಂದ ನೇರ ಮಾಡಿಸತೊಡಗಿದ. ತಿರುವುಗಳನ್ನು ಕತ್ತರಿಸಿ ಮೇಲ್ದಂಡೆಯ ಭಾಗದಲ್ಲಿ ನದಿ ಸುಮಾರು 80 ಕಿ.ಮೀ. ಗಿಡ್ಡವಾಯಿತು. ಜೌಗು ಒಣಗಿ ಹೊಲ ಬಂತು, ಮುಂದೆ ಹಡಗಿಗೂ ಅನುಕೂಲವಾಯಿತು. ಮೀನಿನ ತಾಣ ಹೋಯಿತು, ಪ್ರವಾಹ ಕೆಳಗಿನ ಊರುಗಳಿಗೆ ಬೇಗ ಮುಟ್ಟತೊಡಗಿತು. 1993, 1995ರಲ್ಲಿ ಮಹಾಪೂರ ಬಂದು, 1995ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಟ್ಟು ಓಡಬೇಕಾಯಿತು. ಒಡ್ಡು ಕಟ್ಟುವುದರಲ್ಲಿ ಜಗತ್ತಿಗೇ ಗುರುಗಳಾದ ಡಚ್ಚರು ಆಗ ಒಡ್ಡನ್ನು ಇನ್ನಷ್ಟು ಎತ್ತರಿಸುತ್ತಲೇ ಹೋಗಲಿಲ್ಲ. 'ನದಿಗೆ ಜಾಗ' ಎಂಬ ಹೆಸರಿನಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ನೀರಿಗೆ ನೆಲ ಬಿಟ್ಟುಕೊಟ್ಟರು. ನೈಮೆಗನ್ ಊರಿನಲ್ಲಿ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿ ಪಕ್ಕದಲ್ಲಿ ಇನ್ನೊಂದು ಪಾತ್ರ ತೋಡಿದರು. ಹಡಗು ಓಡುವುದು ನಿಲ್ಲಲಿಲ್ಲ. ಡಚ್ಚರು ಕೋಟಿಗಟ್ಟಲೆ ಸುರಿದು ಕಲಿತ ಪಾಠ ನಮ್ಮಜ್ಜನಿಗೆ ಗೊತ್ತಿತ್ತು: ಸಿಟ್ಟು ಬಂದಾಗ ಕೂಡಲು ಜಾಗ ಬೇಕು.

ಯುರೋಪಿನ 2000ದ ಜಲನೀತಿಯಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಹಡಗಿಗಾಗಿ, ವಿದ್ಯುತ್ತಿಗಾಗಿ, ನೀರಾವರಿಗಾಗಿ ಮನುಷ್ಯ ತೀರಾ ಬದಲಿಸಿದ ನದಿಗಳಿಗೆ ಅದು ಬೇರೆಯೇ ವರ್ಗ ಮಾಡಿದೆ. ಅವು ಮೊದಲಿನಂತಾಗಲಿ ಎಂಬ ಹಟವಿಲ್ಲ. ಆ ಬಳಕೆ ಇಟ್ಟುಕೊಂಡೇ ಅಲ್ಲಿ ಎಷ್ಟು ಜೀವ ಸಾಧ್ಯವೋ ಅಷ್ಟನ್ನು ತಂದುಕೊಡಿ ಎನ್ನುತ್ತದೆ ಅದು. ನಮಗೆ ಬೇಕಾದದ್ದು ಇದೇ ಅಳತೆಗೋಲು. 37.73 ಟಿಎಂಸಿಯ ರೇಣುಕಾಸಾಗರವನ್ನು ಯಾರೂ ಒಡೆಯಲು ಹೊರಟಿಲ್ಲ. ಅಣೆಕಟ್ಟು ಇರಲಿ, ಕಾಲುವೆ ಇರಲಿ. ಅವುಗಳ ನಡುವೆ ನದಿಯೂ ಇರಲಿ ಎಂದಷ್ಟೇ ಕೇಳುತ್ತಿದ್ದೇವೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಕುಡಿಯುವ ನೀರಿಗೆ, ನೀರಾವರಿಗೆ, ಕೈಗಾರಿಕೆಗೆ ಸಾಲುಗಳಿವೆ, ಈಗ ಹಡಗಿಗೂ ಒಂದು ಕಾಯ್ದೆ ಇದೆ. ನದಿ ತನಗಾಗಿ ಹರಿಯುವ ನೀರಿಗೊಂದು ಸಾಲು ಬೇಕು.

ಹಾಗಾದರೆ ಮಾಡಬೇಕಾದ್ದೇನು? ಹುಬ್ಬಳ್ಳಿಯ ಒಂದು ಹನಿ ಗಟಾರದ ನೀರೂ ಶುದ್ಧವಾಗದೆ ಹಳ್ಳಕ್ಕಿಳಿಯಬಾರದು. ನಾಲಾದ ಬದಿಗೆ ಗೋಡೆ ಕಟ್ಟಿ ಸೈಕಲ್ ದಾರಿ ಮಾಡಿದರೆ ನಗರ ಚಂದವಾಗುತ್ತದೆ, ಯಮನೂರಿಗೆ ಬರುವ ನೀರು ಚಂದವಾಗುವುದಿಲ್ಲ. ನವಿಲುತೀರ್ಥದಿಂದ ಬೇಸಿಗೆಯಲ್ಲೂ ಒಂದಿಷ್ಟು ನೀರು ನದಿಗಾಗಿಯೇ ಹರಿಯಬೇಕು. ಹಳ್ಳದ ತಿರುವುಗಳನ್ನು ಮುಟ್ಟಬಾರದು. ಮೇಲಿನ ಹೊಲಗಳಲ್ಲಿ ಬದು, ಕೃಷಿಹೊಂಡ ಹೆಚ್ಚಿ ಮಳೆ ಅಲ್ಲಲ್ಲೇ ತಡೆದು ನಿಲ್ಲಬೇಕು. ಮತ್ತು ದಂಡೆಯ ಎರಡೂ ಕಡೆ ಹಳ್ಳದ ಪಾಲು ಹಳ್ಳಕ್ಕೆ ಮರಳಬೇಕು.

ಈ ಕೊನೆಯ ಮಾತೇ ಕಷ್ಟದ್ದು. ಇದನ್ನು ನಾನು ಊರಲ್ಲಿ ಆಡಿದಾಗ ದೊಡ್ಡಪ್ಪನ ಮಗ ಕೇಳಿದ: "ಅಣ್ಣಾ, ನೀ ಪ್ಯಾಟಿಯಾಗ ಕುಂತು ಬರಿಯಾಂವ. ನಾ ನೆಲಾ ಬಿಟ್ರ ನನ್ನ ಹೊಟ್ಟಿಗೆ ಯಾರು ಕೊಡ್ತಾರ?" ಅವನ ಪ್ರಶ್ನೆ ನ್ಯಾಯವಾದದ್ದು. ಈ ಸೀಮೆಯ ರೈತನಿಗೆ ಸರ್ಕಾರದ ಮಾತಿನ ಮೇಲೆ ನಂಬಿಕೆ ಇಲ್ಲದಿರಲು ಕಾರಣವಿದೆ. ಕಾಲುವೆಯ ನೀರು ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕೇಳಿದ್ದಕ್ಕೆ ತಿರುಗಿಬಿದ್ದವರ ಮೇಲೆ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿತ್ತು. ನೀರು ಬಂದಲ್ಲಿ ಸವಳು-ಜವಳೂ ಬಂತು. ಇಂಥವನಿಗೆ ಪರಿಸರದ ಹೆಸರಲ್ಲಿ ನೆಲ ಬಿಡು ಎಂದು ಉಪದೇಶ ಮಾಡುವುದು ಇನ್ನೊಂದು ದಬ್ಬಾಳಿಕೆ.

ಉತ್ತರ ಇಷ್ಟೇ: ಅವನಿಗೆ ದುಡ್ಡು ಕೊಡಬೇಕು. ಒಡ್ಡು ಕಟ್ಟಲು ಹಣವಿದೆ, ಒಡ್ಡು ಒಡೆದಾಗ ರಿಪೇರಿಗೆ ಹಣವಿದೆ, ಬೆಳೆ ಹೋದ ಮೇಲೆ ಪರಿಹಾರಕ್ಕೆ ಹಣವಿದೆ. ಬೆಳೆ ಹೋಗದಂತೆ ಹಳ್ಳಕ್ಕೆ ಜಾಗ ಬಿಟ್ಟ ರೈತನಿಗೆ ವರ್ಷವರ್ಷ ಕೊಡಲು ಯಾವ ಬಾಬ್ತಿನಲ್ಲೂ ಒಂದು ರೂಪಾಯಿ ಇಲ್ಲ. ನೆಲದ ಹಕ್ಕು ಅವನ ಹೆಸರಲ್ಲೇ ಇರಲಿ, ಮೇವು, ಹಣ್ಣು ಅವನದೇ ಆಗಲಿ, ಎಕರೆಗೆ ಇಷ್ಟೆಂದು ಪ್ರತಿ ವರ್ಷ ಅವನ ಖಾತೆಗೆ ಬೀಳಲಿ. ಮಹದಾಯಿಗಾಗಿ ರಸ್ತೆಗಿಳಿದ ಸಂಘಟನೆಗಳು ಮುಂದಿನ ಬೇಡಿಕೆಪಟ್ಟಿಯಲ್ಲಿ ಈ ಒಂದು ಸಾಲು ಸೇರಿಸಲಿ.

ಸಾಹಿತ್ಯ ಓದುವ ಗೆಳೆಯರಿಗೂ ಒಂದು ಮಾತು. ನದಿಯನ್ನು ತಾಯಿ ಎಂದು ಕರೆದು ಕವಿತೆ ಬರೆಯುವುದು ನಮಗೆ ಸುಲಭ. ತಾಯಿಯ ಮನೆಯ ಹಿತ್ತಲನ್ನು ಒತ್ತುವರಿ ಮಾಡಿದವರು ನಾವೇ ಎಂದು ಬರೆಯುವುದು ಕಷ್ಟ. ಮುಂದಿನ ಜಾತ್ರೆಗೆ ಯಮನೂರಿಗೆ ಬನ್ನಿ. ಹಳ್ಳದ ದಂಡೆಯ ಮೇಲೆ ಅರ್ಧ ತಾಸು ನಿಂತು ಮೂಗು ಮುಚ್ಚಿಕೊಳ್ಳದೆ ನೋಡಿ. ಆಮೇಲೆ ಬರೆಯಿರಿ.

ನಮ್ಮ ಹೊಲದ ಅಂಚಿನಲ್ಲಿ ಕಳೆದ ಮಳೆಗಾಲ ಒಂದು ಹೊಂಗೆ ತಾನಾಗಿಯೇ ಚಿಗುರಿದೆ. ದೊಡ್ಡಪ್ಪನ ಮಗ ಅದನ್ನು ಕಿತ್ತಿಲ್ಲ. ಅವನ ಪ್ರಶ್ನೆಗೆ ಉತ್ತರ ಕೊಡುವ ಸರದಿ ಈಗ ಉಳಿದವರದು.