ಪುಷ್ಕರದ ಟೆಂಡರ್‌ಗೆ ಮುನ್ನ ಮುಡುಮಾಲದ ಕಲ್ಲು ಎಣಿಸಿ

ಗುರು ಕನ್ಯಾರಾಶಿಗೆ ಬಂದಾಗ ಕೃಷ್ಣೆಗೆ ಪುಷ್ಕರ. ಹಿಂದಿನದು 2016ರ ಆಗಸ್ಟ್‌ನಲ್ಲಿ ಆಗಿಹೋಯಿತು, ಮುಂದಿನದು 2028ಕ್ಕೆ. ಭೀಮೆ ಬಂದು ಕೃಷ್ಣೆಯಲ್ಲಿ ಕೂಡುವ ತಂಗಿಡಿ, ರೈಲು ನಿಲ್ಲುವ ಕೃಷ್ಣಾ, ಗುಡೇಬಲ್ಲೂರು, ಕೆಳಗೆ ಮಕ್ತಲ್ ಕಡೆಯ ಪಂಚದೇವಪಹಾಡ್, ಹೀಗೆ ದಂಡೆಯುದ್ದಕ್ಕೂ ಜನ ಸ್ನಾನಕ್ಕೆ ಇಳಿಯುತ್ತಾರೆ. ಅವರಿಗೆ ಘಾಟು ಬೇಕು, ಘಾಟಿಗೆ ರಸ್ತೆ ಬೇಕು, ಗಾಡಿ ನಿಲ್ಲಿಸಲು ಬಯಲು ಬೇಕು. ಪುಷ್ಕರದ ಕೆಲಸ ಹೇಗೆ ಸಾಗುತ್ತದೆಂದು ಹೊಳೆ ದಂಡೆಯವರಿಗೆ ಹೇಳಿಕೊಡಬೇಕಿಲ್ಲ. ಹಣ ತಡವಾಗಿ ಮಂಜೂರಾಗುತ್ತದೆ, ಪಂಚಾಂಗದ ತಿಥಿ ಮಾತ್ರ ಮುಂದೆ ಹೋಗುವುದಿಲ್ಲ. ಕೊನೆಯ ಮೂರು ತಿಂಗಳು ಜೆಸಿಬಿ ಹಗಲೂ ರಾತ್ರಿ ಓಡುತ್ತದೆ. ಮೊರಂ ಯಾವ ಗುಡ್ಡದಿಂದ ಬಂತು, ಕಲ್ಲು ಯಾವ ಹೊಲದಿಂದ ಬಂತು ಎಂದು ಆ ಗಡಿಬಿಡಿಯಲ್ಲಿ ಕೇಳುವವರಿರುವುದಿಲ್ಲ.

ಅದೇ ದಂಡೆಯಲ್ಲಿ, ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ, ಮುಡುಮಾಲ ಇದೆ. ಇಲ್ಲಿಯವರೆಗೆ ಅಲ್ಲಿ ದೊಡ್ಡ ಅನಾಹುತವೇನೂ ಆಗಿಲ್ಲ. ಆಗುವ ಮುನ್ನ ಹೇಳಬೇಕಾದ್ದು ಇದ್ದುದರಿಂದ ಈ ಸಂಪಾದಕೀಯ.

ಊರ ಹೊರಗಿನ ಹೊಲಗಳಲ್ಲಿ ಹತ್ತರಿಂದ ಹದಿನಾಲ್ಕು ಅಡಿ ಎತ್ತರದ ಸುಮಾರು 80 ಕಲ್ಲುಗಳು ನಿಂತಿವೆ. ಅವುಗಳ ಸುತ್ತ ಸಾಲು ಹಿಡಿದು ನೆಟ್ಟ, ಇಟ್ಟ ಸಣ್ಣ ಕಲ್ಲುಗಳು ಸುಮಾರು 3000. ಒಟ್ಟು 80 ಎಕರೆಯಷ್ಟು ಜಾಗ. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಕೆ.ಪಿ. ರಾವ್ ವರ್ಷಗಟ್ಟಲೆ ಇಲ್ಲಿ ಅಳತೆ ಮಾಡಿ, ಇವು 3500 ವರ್ಷಗಳಷ್ಟು ಹಳೆಯವೆಂದೂ ಸಾಲುಗಳು ಅಯನದ ದಿನಗಳ ಸೂರ್ಯನ ಹುಟ್ಟು ಮುಳುಗುಗಳ ದಿಕ್ಕಿಗೆ ಹೊಂದುತ್ತವೆಂದೂ ತೋರಿಸಿದರು. ಒಂದು ಹಾಸುಗಲ್ಲಿನ ಮೇಲೆ ಬಟ್ಟಲಿನಾಕಾರದ ಸಣ್ಣ ಕುಳಿಗಳಿವೆ. ಅವುಗಳಲ್ಲಿ ಏಳನ್ನು ಕಣ್ಣಿನಲ್ಲೇ ಜೋಡಿಸಿದರೆ ಸಪ್ತರ್ಷಿ ಮಂಡಲ ಮೂಡುತ್ತದೆ. ಊರವರಿಗೆ ಈ ಲೆಕ್ಕವೆಲ್ಲ ಆಮೇಲೆ ಬಂದದ್ದು. ಅವರ ಪಾಲಿಗೆ ಇವು ಶಾಪ ತಗುಲಿ ಕಲ್ಲಾದ ಮನುಷ್ಯರು. ಒಂದು ಕಲ್ಲು ನಿಲುರಾಳ್ಳ ತಿಮ್ಮಪ್ಪ, ಇನ್ನೊಂದು ಎಲ್ಲಮ್ಮ. ಆ ಎರಡಕ್ಕೂ ಪೂಜೆ ಉಂಟು.

2025ರ ಮಾರ್ಚ್‌ನಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಭಾರತದಿಂದ ಹೊಸದಾಗಿ ಆರು ತಾಣಗಳು ಸೇರಿದವು, ಮುಡುಮಾಲ ಅವುಗಳಲ್ಲೊಂದು. ಸಂತೋಷದ ಸುದ್ದಿಯೇ. ಆದರೆ ಸಂಭಾವ್ಯ ಪಟ್ಟಿ ಎಂದರೆ ಸರದಿಯಲ್ಲಿ ನಿಂತದ್ದು, ಅಷ್ಟೆ. ಆ ಆರು ಸೇರಿದಾಗ ನಮ್ಮ ದೇಶದ ಸರದಿಯಲ್ಲಿ 62 ತಾಣಗಳಿದ್ದವು. ಒಂದು ದೇಶ ವರ್ಷಕ್ಕೆ ಒಂದೇ ತಾಣವನ್ನು ನಾಮನಿರ್ದೇಶನ ಮಾಡಬಹುದು. ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರಗಳು 2014ರಲ್ಲಿ ಸಂಭಾವ್ಯ ಪಟ್ಟಿ ಸೇರಿ, ಒಂಬತ್ತು ವರ್ಷ ಕಾದು 2023ರಲ್ಲಿ ಮಾನ್ಯತೆ ಪಡೆದವು. ಅವುಗಳ ಬೆನ್ನಿಗೆ ಹೆಸರಿತ್ತು, ಕಾವಲಿತ್ತು, ಟಿಕೆಟ್ ಕೌಂಟರೂ ಇತ್ತು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು 2021ರಲ್ಲಿ ಆ ಪಟ್ಟಿ ಸೇರಿ ಇನ್ನೂ ಸರದಿಯಲ್ಲೇ ನಿಂತಿವೆ. ಹೆಸರು ಬಂದು ಕಾವಲು ಬಾರದ ಇಂಥ ನಡುವಿನ ವರ್ಷಗಳಲ್ಲೇ ತಾಣಗಳು ಹಾಳಾಗುವುದು. ಮುಡುಮಾಲಕ್ಕೆ ಆ ವರ್ಷಗಳು ಈಗ ಶುರುವಾಗಿವೆ, ಅದರ ಮಧ್ಯದಲ್ಲಿ ಪುಷ್ಕರ ಬಂದು ಕೂರುತ್ತದೆ.

ಹೋಗಿಬರುವುದೂ ಈಗ ಸುಲಭ. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿಲೋಮೀಟರ್ ಹೊಸ ರೈಲು ಮಾರ್ಗ ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಕೃಷ್ಣಾ ಸ್ಟೇಷನ್ ಎಂದರೆ ಗುಂತಕಲ್ಲು–ವಾಡಿ ಮಾರ್ಗದಲ್ಲಿ ರಾಯಚೂರು ಬಿಟ್ಟ ಮೇಲೆ ಹೊಳೆ ದಾಟಿದ ಕೂಡಲೇ ಬರುವ ಊರು. ಈಗ ಕಾಚಿಗುಡದಲ್ಲಿ ರೈಲು ಹತ್ತಿದವರು ಮಕ್ತಲ್ ಮೇಲೆ ಹಾದು ನೇರ ಬಂದಿಳಿಯಬಹುದು. ಹೈದರಾಬಾದಿನ ಜನ ಬರಲಿ, ಬೇಡ ಎನ್ನುವವರು ಯಾರು? ಅವರ ಹಿಂದೆಯೇ ಹೊಲದ ಬದುವಿಗೆ ಸುಣ್ಣದ ಗೆರೆ ಎಳೆದು ನಿವೇಶನಗಳ ‘ವೆಂಚರ್’ ಬೋರ್ಡು ನೆಡುವವರೂ ಬರುತ್ತಾರೆ ಎಂಬುದಷ್ಟೇ ನಮ್ಮ ಅಂಜಿಕೆ.

ಯಾವ ಕಲ್ಲು ಮೊದಲು ಹೋಗುತ್ತದೆ? ಹದಿನಾಲ್ಕು ಅಡಿಯದ್ದಂತೂ ಅಲ್ಲ. ಅದರ ಫೋಟೊ ಎಲ್ಲ ಪತ್ರಿಕೆಗಳಲ್ಲಿ ಬಂದಿದೆ, ಅದಕ್ಕೆ ಪೂಜೆಯೂ ಇರಬಹುದು, ಅದನ್ನು ಕೀಳಲು ಯಾವ ಗುತ್ತಿಗೆದಾರನೂ ಧೈರ್ಯ ಮಾಡಲಾರ. ಹೋಗುವುದು ಮೊಣಕಾಲೆತ್ತರದ ಗುಂಡುಗಳು. ಒಂದನ್ನೇ ನೋಡಿದರೆ ಅದರಲ್ಲಿ ವಿಶೇಷ ಏನೂ ಇಲ್ಲ. ನೇಗಿಲಿಗೆ ತೊಡಕು, ಬದುವಿಗೆ ಒಳ್ಳೆಯ ಕಲ್ಲು, ರಸ್ತೆಗೆ ಇನ್ನೂ ಒಳ್ಳೆಯದು. ಎರಡು ಜನ ಸೇರಿದರೆ ಟ್ರಾಕ್ಟರ್ ಟ್ರಾಲಿಗೆ ಹಾಕುತ್ತಾರೆ. ಆದರೆ ಸೂರ್ಯನ ದಿಕ್ಕು ಹೇಳುವುದು ಸಾಲು, ಸಾಲು ಹಿಡಿದಿರುವುದು ಈ ಸಣ್ಣವು. ಇವನ್ನೆತ್ತಿದ ಮೇಲೆ ಉಳಿದ 80 ಕಲ್ಲುಗಳನ್ನು ಎಷ್ಟು ಜೋಪಾನ ಮಾಡಿದರೂ ಓದಲು ಏನೂ ಇರುವುದಿಲ್ಲ. ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲೂ ಸುರಪುರ ಸೀಮೆಯ ಹನಮಸಾಗರದಲ್ಲೂ ಹೀಗೆಯೇ ಗುಂಡುಗಳ ಸಾಲುಗಳಿವೆ. ಸುರಪುರದಲ್ಲಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲೇ ಈ ಸೀಮೆಯ ಕಲ್ಲಿನ ಸಾಲುಗಳ ಬಗ್ಗೆ ಬರೆದಿಟ್ಟ. ಈ ಸೀಮೆ ಓದುವವರಿಗೆ ಅಪರಿಚಿತವೇನೂ ಅಲ್ಲ.

ದೊಡ್ಡ ಕಲ್ಲು ಹೋಗುವುದೇ ಇಲ್ಲವೆಂದೂ ಧೈರ್ಯವಾಗಿ ಹೇಳುವಂತಿಲ್ಲ. ಇಂಗ್ಲೆಂಡಿನ ಏವ್ಬರಿ ಎಂಬ ಹಳ್ಳಿ ಇಂಥದೇ ಒಂದು ದೊಡ್ಡ ಕಲ್ಲಿನ ವೃತ್ತದೊಳಗೆ ಬೆಳೆದದ್ದು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನವರು ಕಲ್ಲಿನ ಬುಡದಲ್ಲಿ ಗುಂಡಿ ತೋಡಿ, ಹುಲ್ಲು ಸೌದೆ ಒಟ್ಟಿ ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ತಣ್ಣೀರು ಸುರಿದು, ಸುತ್ತಿಗೆಯಿಂದ ಒಡೆದು ಮನೆ ಕಟ್ಟಿದರು. ವಿಲಿಯಂ ಸ್ಟೂಕ್ಲಿ ಎಂಬವನು ಅದನ್ನು ಕಣ್ಣಾರೆ ನೋಡಿ ಚಿತ್ರ ಬರೆದಿಟ್ಟ. 1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಉಳಿದವನ್ನು ಎತ್ತಿ ನಿಲ್ಲಿಸಿ, ಸುಟ್ಟುಹೋದ ಕಲ್ಲುಗಳ ಜಾಗದಲ್ಲಿ ಕಾಂಕ್ರೀಟಿನ ಮೋಟು ಕಂಬ ನೆಟ್ಟ. ಬೆಂಕಿ ಹಾಕಿ ಬಂಡೆ ಸೀಳುವುದು ನಮ್ಮ ಕಲ್ಲುಕುಟಿಗರಿಗೂ ಗೊತ್ತಿದ್ದ ವಿದ್ಯೆಯೇ. ಈಗಂತೂ ಅಷ್ಟು ಕಷ್ಟವೂ ಇಲ್ಲ, ಕಂಪ್ರೆಸರ್ ಒಂದಿದ್ದರೆ ಸಾಕು.

ಹಾಗಾದರೆ ಬೇಲಿ ಹಾಕಿಬಿಡೋಣ ಎನ್ನುತ್ತಾರೆ ಅಧಿಕಾರಿಗಳು. ಅಲ್ಲೂ ಅವಸರ ಬೇಡ. ಹಂಪಿ ನಮ್ಮ ಕಣ್ಣೆದುರಿಗಿದೆ. 1986ರಲ್ಲಿ ವಿಶ್ವ ಪರಂಪರೆಯ ತಾಣವಾದ ಅದು 1999ರಲ್ಲಿ ಆನೆಗುಂದಿಯ ಸೇತುವೆ ಕೆಲಸದ ಕಾರಣಕ್ಕೆ ಅಪಾಯದ ಪಟ್ಟಿಗೆ ಬಿದ್ದು, 2006ರವರೆಗೆ ಅಲ್ಲೇ ಇತ್ತು. 2009ರಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿಯಿತು. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮೇಲೆ ಬುಲ್ಡೋಜರ್ ಹೋಯಿತು. ಮಂಟಪಗಳು ಖಾಲಿಯಾದವು, ಪ್ರವಾಸಿಗಳಿಗೆ ಫೋಟೊ ಚೆನ್ನಾಗಿ ಬರುತ್ತದೆ. ಮುಡುಮಾಲದ ರೈತ ಇದನ್ನು ಕೇಳಿ ತಿಳಿದಿದ್ದರೆ ಅವನ ಮನಸ್ಸಿನಲ್ಲಿ ಏನು ಬರಬಹುದು? ಕಲ್ಲಿದ್ದ ಹೊಲ ಸರ್ಕಾರದ ಪಾಲು ಎಂಬ ಮಾತು ಒಮ್ಮೆ ಹಬ್ಬಿತೆಂದರೆ, ನೋಟಿಸು ಬರುವ ಮುಂಚಿನ ರಾತ್ರಿಯೇ ಹೊಲ ಕಲ್ಲಿಲ್ಲದ್ದಾಗುತ್ತದೆ. ಅದು ಅವನ ತಪ್ಪಲ್ಲ. ಯಾವ ಸರ್ವೆ ನಂಬರಿನಲ್ಲಿ ಏನಿದೆ, ಎಷ್ಟು ಜಾಗ ಬೇಕು, ಬೆಳೆಗೆ ಪರಿಹಾರವೆಷ್ಟು, ಉಳುಮೆ ಎಲ್ಲಿಯವರೆಗೆ ಎಂಬುದನ್ನು ಗ್ರಾಮಸಭೆಯಲ್ಲಿ, ಅವನ ಮಾತಿನಲ್ಲಿ, ಮೊದಲೇ ಹೇಳಬೇಕಾದ್ದು ಜಿಲ್ಲಾಡಳಿತ.

ಅವನ ಮಾತಿನಲ್ಲಿ ಎಂದೆವು. ಕೃಷ್ಣಾ ಮಂಡಲದ ಮನೆಮಾತು ಬಹುಮಟ್ಟಿಗೆ ಕನ್ನಡ. ಇಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಸಂತೆ ಆಸ್ಪತ್ರೆಗೆ ರಾಯಚೂರಿಗೆ ಹೋಗುವುದು ಇವತ್ತಿಗೂ ರೂಢಿ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಜಿಲ್ಲೆ ಮೈಸೂರಿಗೆ ಬಂತು, ಅದರಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮಕ್ತಲ್ ಸೀಮೆ ಹಿಂದಿನಂತೆ ಮಹಬೂಬನಗರದಲ್ಲೇ ಉಳಿಯಿತು. ಆಚೆ ದಂಡೆಯಲ್ಲಿ ಶಕ್ತಿನಗರದ ಥರ್ಮಲ್ ಸ್ಥಾವರ, ಈಚೆ ದಂಡೆಯಲ್ಲಿ ಕನ್ನಡ ಮಾತಾಡುವ ತೆಲಂಗಾಣ. ಯುನೆಸ್ಕೊಗೆ ಕಡತ ಹೋಗುವುದು ಇಂಗ್ಲಿಷಿನಲ್ಲಿ, ಅದನ್ನು ತಯಾರಿಸುವವರು ತೆಲುಗಿನವರು. ಅಜ್ಜ ಅಜ್ಜಿಯರು ಕಥೆ ಹೇಳುವುದು ಕನ್ನಡದಲ್ಲಿ. ಕೇಳಿಸಿಕೊಂಡು ಬರೆದುಕೊಳ್ಳುವವರು ಯಾರು ಎಂಬುದು ನಮಗೆ ಕಲ್ಲಿನಷ್ಟೇ ಮುಖ್ಯವಾದ ಪ್ರಶ್ನೆ.

ಈ ಸೀಮೆಯಲ್ಲಿ ಕಥೆ ಉಳಿದದ್ದೆಲ್ಲ ಯಾರೋ ಅದನ್ನು ಹೊತ್ತದ್ದರಿಂದ. ಪಂಚದೇವಪಹಾಡ್‌ನಿಂದ ಹೊಳೆ ದಾಟಿದರೆ ನಡುಗಡ್ಡೆಯ ಕುರವಪುರ. ದತ್ತಾವತಾರಿ ಶ್ರೀಪಾದ ಶ್ರೀವಲ್ಲಭರ ಸ್ಥಳ. ಸರಸ್ವತಿ ಗಂಗಾಧರನ ಮರಾಠಿ ಗುರುಚರಿತ್ರೆಯಲ್ಲಿ ಅವರ ಕಥೆ ಬಂದದ್ದರಿಂದ ಇವತ್ತಿಗೂ ಪುಣೆ, ಸೊಲ್ಲಾಪುರದ ಕಡೆಯಿಂದ ಜನ ಬರುತ್ತಾರೆ. ನಾರಾಯಣಪೇಟೆಯ ಸೀರೆಗೂ ಒಂದು ಕಥೆಯಿದೆ: ಶಿವಾಜಿಯ ದಂಡು ಇಲ್ಲಿ ತಂಗಿ ಮುಂದೆ ಹೋದಾಗ ಕೆಲವು ನೇಕಾರರು ಇಲ್ಲಿಯೇ ನಿಂತುಬಿಟ್ಟರಂತೆ. ಅದನ್ನು ವ್ಯಾಪಾರ ಉಳಿಸಿತು. ಗದ್ವಾಲದ ನೇಕಾರರು ತಿರುಮಲದ ಬ್ರಹ್ಮೋತ್ಸವಕ್ಕೆ ಜೋಡಿ ಪಂಚೆ ನೇಯ್ದು ಕಳಿಸುವುದನ್ನು ಭಕ್ತಿ ಉಳಿಸಿದೆ. ಮಕ್ತಲ್‌ನ ಪಡಮಟಿ ಆಂಜನೇಯನಿಗೆ ಗುಡಿಯಿದೆ, ಪೂಜಾರಿಗಳಿದ್ದಾರೆ. ಮುಡುಮಾಲದ ಕಲ್ಲಾದ ಮನುಷ್ಯರ ಬೆನ್ನಿಗೆ ಗ್ರಂಥವಿಲ್ಲ, ಅಂಗಡಿಯಿಲ್ಲ, ಕೆಲವು ಮುದುಕರ ನಾಲಿಗೆಯೊಂದಿದೆ.

ಇಂಗ್ಲೆಂಡಿನಲ್ಲಿ ಚಿಪ್ಪಿಂಗ್ ನಾರ್ಟನ್ ಎಂಬ ಸಂತೆಯೂರಿನ ಹತ್ತಿರ ರೋಲ್‌ರೈಟ್ ಕಲ್ಲುಗಳಿವೆ. ದೇಶ ಗೆಲ್ಲಲು ಹೊರಟ ರಾಜನನ್ನೂ ಅವನ ದಂಡನ್ನೂ ಮಾಟಗಾತಿಯೊಬ್ಬಳು ಕಲ್ಲು ಮಾಡಿದಳೆಂಬ ಕಥೆ. ಅವನ್ನು ಎರಡು ಸಲ ಎಣಿಸಿದರೆ ಲೆಕ್ಕ ಒಂದೇ ಬರುವುದಿಲ್ಲವೆಂದೂ, ರೊಟ್ಟಿಯವನೊಬ್ಬ ಒಂದೊಂದು ಕಲ್ಲಿನ ಮೇಲೂ ಒಂದೊಂದು ರೊಟ್ಟಿಯಿಟ್ಟು ಎಣಿಸಹೋಗಿ ಸೋತನೆಂದೂ ಹೇಳುತ್ತಾರೆ. ಸರ್ಕಾರ 1882ರ ಕಾಯಿದೆಯಲ್ಲೇ ಆ ಕಲ್ಲುಗಳಿಗೆ ರಕ್ಷಣೆ ಕೊಟ್ಟಿತು. ಕಥೆಗೆ ರಕ್ಷಣೆ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಆರ್ಥರ್ ಇವಾನ್ಸ್ ಸುತ್ತಲಿನ ಹಳ್ಳಿಗರು ಹೇಳುತ್ತಿದ್ದುದನ್ನು ಕೂಡಿಹಾಕಿ 1895ರಲ್ಲಿ ಜಾನಪದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಐದು ವರ್ಷದ ನಂತರ ಕ್ರೀಟ್ ದ್ವೀಪದ ಕ್ನೊಸೋಸ್ ಅರಮನೆ ಅಗೆದು ಜಗತ್ಪ್ರಸಿದ್ಧನಾದವನೇ ಈತ. ಅಗೆಯುವವನು ಹಳ್ಳಿಯವರ ಮಾತು ಕೇಳಲು ಕೂತರೆ ಅವನ ವಿದ್ವತ್ತಿಗೆ ಊನವಾಗುವುದಿಲ್ಲ ಎಂದು ನಮ್ಮ ಇಲಾಖೆಗಳಿಗೆ ಯಾರಾದರೂ ಹೇಳಿದರೆ ಒಳ್ಳೆಯದು.

ಕಲ್ಲು ಉಳಿಸಿ ಉಳಿದದ್ದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನವರೆಗೆ ಹೋಗಬೇಕಾದ್ದಿಲ್ಲ. ತುಂಗಭದ್ರೆ ಕೃಷ್ಣೆಯನ್ನು ಸೇರುವ ಕೂಡವೆಲ್ಲಿಯಲ್ಲಿ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ಗುಡಿಯಿತ್ತು. ಶ್ರೀಶೈಲ ಜಲಾಶಯದ ಹಿನ್ನೀರು ಬರುತ್ತದೆಂದಾಗ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಕಟ್ಟಿದರು. ಕೆಲಸ ಅಚ್ಚುಕಟ್ಟು, ಗುಡಿ ಚೆಂದವಾಗಿಯೇ ನಿಂತಿದೆ. ಸಂಗಮೇಶ್ವರ ಮಾತ್ರ ಸಂಗಮವಿಲ್ಲದ ಜಾಗದಲ್ಲಿದ್ದಾನೆ, ಅವನ ಸುತ್ತ ಇದ್ದ ಊರು ನೀರಿನಡಿ ಹೋಯಿತು.

ಮುಡುಮಾಲದಲ್ಲಿ ಮುಂದೆ ನಿಲ್ಲಿಸುವ ಮಾಹಿತಿ ಫಲಕಗಳ ಬಗ್ಗೆಯೂ ಈಗಲೇ ಒಂದು ಮಾತು. ಕುಳಿಗಳ ಚಿತ್ರದಲ್ಲಿ ಸಪ್ತರ್ಷಿಯ ಮೊದಲೆರಡು ನಕ್ಷತ್ರಗಳನ್ನು ಸೇರಿಸಿ ಗೆರೆ ಎಳೆದರೆ ಅದು ಧ್ರುವನಕ್ಷತ್ರಕ್ಕೆ ಹೋಗುತ್ತದೆ ಎಂದು ಉತ್ಸಾಹದಿಂದ ಹೇಳಲಾಗುತ್ತಿದೆ. ಇವತ್ತಿನ ಆಕಾಶಕ್ಕೆ ಅದು ಸರಿ. ಭೂಮಿಯ ಅಕ್ಷ ಸುಮಾರು 26000 ವರ್ಷಕ್ಕೊಮ್ಮೆ ಸುತ್ತು ಹಾಕುವುದರಿಂದ, 3500 ವರ್ಷಗಳ ಹಿಂದೆ ನಮ್ಮ ಧ್ರುವನಕ್ಷತ್ರ ಉತ್ತರ ಬಿಂದುವಿನಿಂದ ಬಹಳ ದೂರವಿತ್ತು. ಕಲ್ಲು ನೆಟ್ಟವರು ಉತ್ತರವನ್ನು ಬೇರೆ ರೀತಿ ಗುರುತಿಸಿರಬೇಕು. ಇದನ್ನು ಪರಿಶೀಲಿಸದೆ ಗ್ರಾನೈಟಿನಲ್ಲಿ ಕೆತ್ತಿಸಿ ನಿಲ್ಲಿಸಿದರೆ ಮುಂದಿನ ಐವತ್ತು ವರ್ಷ ಶಾಲೆಯ ಮಕ್ಕಳು ಅದನ್ನೇ ಓದುತ್ತಾರೆ.

ಆಗಬೇಕಾದ್ದು ದುಬಾರಿಯ ಕೆಲಸವಲ್ಲ. ಸಣ್ಣವೂ ಸೇರಿ ಪ್ರತಿ ಕಲ್ಲಿಗೂ ಒಂದು ಸಂಖ್ಯೆ, ಗ್ರಾಮ ನಕಾಶೆಯಲ್ಲಿ ಒಂದು ಚುಕ್ಕಿ, ಪಹಣಿಯಲ್ಲಿ ಒಂದು ಸಾಲು. ತೆಲಂಗಾಣದ ಪರಂಪರೆ ಇಲಾಖೆ ಇದನ್ನು ಯುನೆಸ್ಕೊ ಕಡತಕ್ಕಾಗಿ ಒಂದು ದಿನ ಮಾಡಲೇಬೇಕು, ಈಗ ಮಾಡಿದರೆ ಕಲ್ಲುಗಳು ಇರುವಾಗಲೇ ಮಾಡಿದಂತಾಗುತ್ತದೆ. ಕೃಷ್ಣಾ, ಗುಡೇಬಲ್ಲೂರು, ಮುಡುಮಾಲದ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಮನೆಯ ಹಿರಿಯರು ಹೇಳುವುದನ್ನು ಅವರ ಮಾತಿನಲ್ಲೇ ಬರೆಸಲು ಮೇಷ್ಟ್ರುಗಳಿಗೆ ಒಂದು ಬೇಸಿಗೆ ಸಾಕು. ಹೊರನಾಡ ಗಡಿ ಕನ್ನಡಿಗರಿಗಾಗಿಯೂ ಇರುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಉತ್ಸವ, ಸನ್ಮಾನಗಳ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ತಿರುಗಿಸಿದರೆ ಅಚ್ಚಿನ ಖರ್ಚೂ ಕಳೆಯುತ್ತದೆ.

ಇವೆಲ್ಲಕ್ಕಿಂತ ಮೊದಲು, ಪುಷ್ಕರದ ಕಾಮಗಾರಿಗಳ ಟೆಂಡರ್ ಕರೆಯುವಾಗ ಷರತ್ತುಗಳ ಪುಟದಲ್ಲಿ ಮುಡುಮಾಲದ ಆ ಹೊಲಗಳ ಸರ್ವೆ ನಂಬರುಗಳನ್ನು ಬರೆದು, ಅಲ್ಲಿಂದ ಕಲ್ಲಾಗಲಿ ಮೊರಂ ಆಗಲಿ ಎತ್ತಬಾರದು, ಅಲ್ಲಿ ಗಾಡಿ ನಿಲ್ಲಿಸಬಾರದು, ಎತ್ತಿದರೆ ಬಿಲ್ಲು ಪಾಸಾಗುವುದಿಲ್ಲ ಎಂದು ಸೇರಿಸಬೇಕು. ಗುತ್ತಿಗೆದಾರ ಯುನೆಸ್ಕೊಗೆ ಹೆದರುವವನಲ್ಲ, ಬಿಲ್ಲಿಗೆ ಹೆದರುತ್ತಾನೆ. ಆ ಪುಟ ಇನ್ನೂ ಬರೆದಾಗಿಲ್ಲ, ಬರೆಯಬೇಕಾದವರು ನಾರಾಯಣಪೇಟೆಯ ಜಿಲ್ಲಾಧಿಕಾರಿ ಕಚೇರಿಯಲ್ಲಿದ್ದಾರೆ.