ಹಳೆಯ ಉಷ್ಣ ಸ್ಥಾವರಗಳ ಪುನಶ್ಚೇತನ: ವರ್ತಕರು ಕೇಳಬೇಕಾದ ಲೆಕ್ಕ

ಮೂಡುಬಿದಿರೆ ಸಮೀಪದ ನಿಡ್ಡೋಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಸ್ಥಾಪಿಸುವ ಪ್ರಸ್ತಾಪವನ್ನು 2013ರಲ್ಲಿ ಗ್ರಾಮಸ್ಥರು ಪ್ರಬಲವಾಗಿ ವಿರೋಧಿಸಿದ್ದು ಸದಸ್ಯರಿಗೆ ನೆನಪಿರಬಹುದು. ಆ ಯೋಜನೆ ಕೈಗೂಡಲಿಲ್ಲ. ಕೃಷಿಭೂಮಿ ಮತ್ತು ಜಲಮೂಲಗಳ ರಕ್ಷಣೆಗಾಗಿ ನಡೆದ ಆ ವಿರೋಧ ನ್ಯಾಯಸಮ್ಮತವೇ ಆಗಿತ್ತು. ಆದರೆ ಹೊಸ ಸ್ಥಾವರ ಬೇಡವೆಂದ ನಾವು, ಇರುವ ಹಳೆಯ ಸ್ಥಾವರಗಳು ಎಷ್ಟು ದಕ್ಷತೆಯಿಂದ ನಡೆಯುತ್ತಿವೆ ಎಂದು ಕೇಳುವುದನ್ನು ಮರೆತಿದ್ದೇವೆ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಬಂಟ್ವಾಳದ ಅಕ್ಕಿ ಗಿರಣಿಯಾಗಲಿ, ಬೆಳ್ತಂಗಡಿಯ ಮರದ ಮಿಲ್ಲಾಗಲಿ, ಮೂಡುಬಿದಿರೆಯ ಗೇರುಬೀಜ ಕಾರ್ಖಾನೆಯಾಗಲಿ ಎಲ್ಲವೂ ಮೆಸ್ಕಾಂನ ಗ್ರಾಹಕರೇ. ಮೆಸ್ಕಾಂ ವಿದ್ಯುತ್ತನ್ನು ಖರೀದಿಸಿ ಹಂಚುವ ಸಂಸ್ಥೆ. ಆದುದರಿಂದ ರಾಯಚೂರಿನಲ್ಲಿ ವ್ಯರ್ಥವಾಗಿ ಉರಿದ ಕಲ್ಲಿದ್ದಲಿನ ಬೆಲೆಯೂ ಕೊನೆಗೆ ನಮ್ಮ ಬಿಲ್ಲಿನಲ್ಲಿಯೇ ಬಂದು ಸೇರುತ್ತದೆ.

ಕರ್ನಾಟಕ ವಿದ್ಯುತ್ ನಿಗಮದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರವು ಶಕ್ತಿನಗರದಲ್ಲಿ ಕೃಷ್ಣಾ ನದಿಯ ದಡದಲ್ಲಿದೆ. ಅದರ ಮೊದಲ ಘಟಕ ಕಾರ್ಯಾರಂಭ ಮಾಡಿದ್ದು 1985ರಲ್ಲಿ. 210 ಮೆಗಾವಾಟ್‌ನ ಏಳು ಘಟಕಗಳು ಹಾಗೂ 250 ಮೆಗಾವಾಟ್‌ನ ಒಂದು ಘಟಕ ಸೇರಿ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಇಂತಹ ಘಟಕಗಳ ಆಯುಷ್ಯವನ್ನು ಸಾಮಾನ್ಯವಾಗಿ 25 ವರ್ಷವೆಂದು ಗಣಿಸುವುದು ವಾಡಿಕೆ. ಮೊದಲ ಆರು ಘಟಕಗಳು ಈ ಗಡಿಯನ್ನು ದಾಟಿವೆ. ಮೊದಲನೆಯದಕ್ಕಂತೂ 2025ಕ್ಕೆ ನಾಲ್ವತ್ತು ತುಂಬಿತು.

ಹಳತಾದ ಘಟಕದಲ್ಲಿ ನಷ್ಟ ಎಲ್ಲಿ ಆಗುತ್ತದೆ ಎಂಬುದನ್ನು ಕುಚ್ಚಲಕ್ಕಿ ಗಿರಣಿ ನಡೆಸುವವರಿಗೆ ವಿವರಿಸಬೇಕಾಗಿಲ್ಲ. ಬಾಯ್ಲರಿನ ಕೊಳವೆಗೆ ಮಸಿ ಹಿಡಿದರೆ ಅಷ್ಟೇ ಹಬೆಗೆ ಹೆಚ್ಚು ಉರುವಲು ಬೇಕಾಗುತ್ತದೆ. ಸ್ಥಾವರದಲ್ಲಿಯೂ ಹಾಗೆಯೇ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು; ಅದು ಬಾಯ್ಲರಿನ ಕೊಳವೆಗಳನ್ನು ಸವೆಸಿ ತೂತು ಮಾಡುತ್ತದೆ. ಕಂಡೆನ್ಸರಿನಲ್ಲಿ ಲವಣದ ಪದರ ಕಟ್ಟಿ ನಿರ್ವಾತ ಕುಸಿಯುತ್ತದೆ, ಟರ್ಬೈನಿನ ಅಲಗುಗಳು ಸವೆಯುತ್ತವೆ, ಗಾಳಿಯನ್ನು ಬಿಸಿ ಮಾಡುವ ಯಂತ್ರದಲ್ಲಿ ಸೋರಿಕೆ ಉಂಟಾಗುತ್ತದೆ. ಇವುಗಳಲ್ಲಿ ಪ್ರತಿಯೊಂದೂ ಸಣ್ಣ ನಷ್ಟವೇ. ಒಟ್ಟುಗೂಡಿದಾಗ ಮಾತ್ರ ದೊಡ್ಡದು.

ಒಂದು ಲೆಕ್ಕ ಹಾಕೋಣ. 210 ಮೆಗಾವಾಟ್‌ನ ಘಟಕ ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನ ನಡೆದರೆ 50.4 ಲಕ್ಷ ಯೂನಿಟ್ ಉತ್ಪಾದನೆಯಾಗುತ್ತದೆ. ಯೂನಿಟ್‌ಗೆ 700 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೆ ದಿನಕ್ಕೆ ಸುಮಾರು 3,500 ಟನ್ ಬೇಕು. ಪುನಶ್ಚೇತನದಿಂದ ಇದರಲ್ಲಿ ನೂರಕ್ಕೆ ಐದರಷ್ಟು ಉಳಿತಾಯವಾದರೂ ಒಂದೇ ಘಟಕದಲ್ಲಿ ದಿನಕ್ಕೆ 175 ಟನ್ ಉಳಿಯುತ್ತದೆ. ಹೊಸ ಭೂಸ್ವಾಧೀನವಿಲ್ಲ, ಹೊಸ ಚಿಮಣಿಯಿಲ್ಲ. ಬೂದಿಯೂ ಅಷ್ಟರಮಟ್ಟಿಗೆ ಕಡಿಮೆ.

ಇದು ಬರೀ ಕಲ್ಪನೆಯೂ ಅಲ್ಲ. ವಿಶ್ವಬ್ಯಾಂಕು 2009ರಲ್ಲಿ ಮಂಜೂರು ಮಾಡಿದ ಯೋಜನೆಯಡಿ ಪಶ್ಚಿಮ ಬಂಗಾಳದ ಬಂಡೇಲ್‌ನ 5ನೇ ಘಟಕ ಮತ್ತು ಮಹಾರಾಷ್ಟ್ರದ ಕೊರಾಡಿಯ 6ನೇ ಘಟಕವನ್ನು ಇಂಧನ ದಕ್ಷತೆಯನ್ನೇ ಗುರಿಯಾಗಿಟ್ಟುಕೊಂಡು ನವೀಕರಿಸಲಾಯಿತು. ಇವೆರಡೂ 210 ಮೆಗಾವಾಟ್ ವರ್ಗದವೇ.

ಹಾಗೆಂದು ಪ್ರತಿಯೊಂದು ಹಳೆಯ ಘಟಕಕ್ಕೂ ಹಣ ಸುರಿಯಬೇಕೆಂದು ನಮ್ಮ ವಾದವಲ್ಲ. ಪಂಜಾಬಿನ ಬಠಿಂಡಾ ಸ್ಥಾವರದ ನವೀಕರಣಕ್ಕೆ ನೂರಾರು ಕೋಟಿ ರೂಪಾಯಿ ವ್ಯಯವಾಗಿತ್ತು. ಆದರೂ 2018ರ ಆರಂಭದಲ್ಲಿ ಅದನ್ನು ಮುಚ್ಚಲಾಯಿತು. ದುರಸ್ತಿಯ ಬಳಿಕವೂ ಅಲ್ಲಿನ ವಿದ್ಯುತ್ ಇತರ ಮೂಲಗಳಿಗಿಂತ ದುಬಾರಿಯಾದರೆ ಖರೀದಿಸುವವರು ಯಾರು? ನಮ್ಮಲ್ಲಿಯೂ ಯರಮರಸ್‌ನ 800 ಮೆಗಾವಾಟ್‌ನ ಎರಡು ಹೊಸ ಘಟಕಗಳಿವೆ, ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಹಗಲು ಬಿಸಿಲಿನ ವಿದ್ಯುತ್ ಬರುವಾಗ ಉಷ್ಣ ಘಟಕ ತಗ್ಗಬೇಕು, ಸಂಜೆ ಏರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಾವಳಿ ಶೇಕಡ 40ರವರೆಗೆ ತಗ್ಗುವ ಸಾಮರ್ಥ್ಯವನ್ನು ಬಯಸುತ್ತದೆ. ಈ ಏರಿಳಿತ ಹಳೆಯ ಕೊಳವೆಗಳನ್ನು ಮತ್ತಷ್ಟು ಬೇಗ ದಣಿಸುತ್ತದೆ. ಪುನಶ್ಚೇತನದ ಯೋಜನೆ ಇದನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಆದುದರಿಂದ ನಮ್ಮ ಬೇಡಿಕೆ ಮೂರು. ಒಂದು, ಪ್ರತಿ ಘಟಕದ ಕಲ್ಲಿದ್ದಲು ಬಳಕೆ ಮತ್ತು ಸ್ವಂತ ವಿದ್ಯುತ್ ಬಳಕೆಯನ್ನು ಸ್ವತಂತ್ರ ಪರಿಶೋಧಕರಿಂದ ಅಳೆಯಿಸಬೇಕು. ಎರಡು, ಯಾವುದನ್ನು ದುರಸ್ತಿ ಮಾಡುವುದು, ಯಾವುದನ್ನು ನಿವೃತ್ತಿಗೊಳಿಸುವುದು ಎಂಬುದನ್ನು ಆ ಅಂಕಿಗಳ ಆಧಾರದಲ್ಲಿ ಮಾತ್ರ ನಿರ್ಧರಿಸಬೇಕು. ಮೂರು, ವೆಚ್ಚ ಮಾಡಿದ ಮೇಲೆ ದಕ್ಷತೆ ಎಷ್ಟು ಸುಧಾರಿಸಿತು ಎಂಬುದನ್ನು ವರ್ಷವರ್ಷವೂ ಪ್ರಕಟಿಸಬೇಕು. ಸುಧಾರಿಸದಿದ್ದರೆ ಆ ಹೊರೆಯನ್ನು ಗ್ರಾಹಕರ ಮೇಲೆ ಹಾಕಲಾಗದು.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ದರ ಏರಿಕೆ ಬೇಡವೆಂದು ಹೇಳಿ ಹಿಂದಿರುಗುವುದರಿಂದ ಪ್ರಯೋಜನ ಕಡಿಮೆ. ಮೂರು ತಾಲೂಕುಗಳ ವರ್ತಕರು ಒಂದಾಗಿ ಈ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಸಲ್ಲಿಸಿದರೆ ಅದಕ್ಕೆ ಉತ್ತರ ಬರಲೇಬೇಕಾಗುತ್ತದೆ. ನಿಡ್ಡೋಡಿಯ ಹಸಿರು ಉಳಿಯಬೇಕು, ನಮ್ಮ ಯಂತ್ರಗಳೂ ನಿಲ್ಲಬಾರದು. ಎರಡನ್ನೂ ಬಯಸುವ ನಾವು ಶಕ್ತಿನಗರದ ಲೆಕ್ಕವನ್ನು ಕೇಳದೆ ಇರಲಾಗದು.