ಆಪರೇಷನ್‌ಗೆ ಮುಂಚೆ ಕೇಳಬೇಕಾದ ಪ್ರಶ್ನೆ

ಗುದನಾಳದ ಕ್ಯಾನ್ಸರ್ ಎಂದು ತಿಳಿದಾಗ ನಮ್ಮ ಮನೆಗಳಲ್ಲಿ ಸಾವಿನ ಮಾತಿಗಿಂತ ಮೊದಲು ಚೀಲದ ಮಾತು ಬರುತ್ತದೆ. ಗಡ್ಡೆ ಮಲದ್ವಾರಕ್ಕೆ ತೀರ ಹತ್ತಿರವಿದ್ದರೆ ಆ ಭಾಗವನ್ನೇ ತೆಗೆದು, ಹೊಟ್ಟೆಯ ಮೇಲೆ ದ್ವಾರ ಮಾಡಿ ಚೀಲ ಅಂಟಿಸುತ್ತಾರೆ. ಅದು ಜೀವನಪರ್ಯಂತ. "ವುಝೂ ಉಳಿಯುತ್ತದೆಯೇ? ಜಮಾಅತ್‌ನಲ್ಲಿ ನಿಲ್ಲಬಹುದೇ?" ಎಂಬ ಚಿಂತೆಯಲ್ಲೇ ಚಿಕಿತ್ಸೆ ಬಿಟ್ಟು ಮನೆಗೆ ಮರಳುವವರಿದ್ದಾರೆ.

ಮೊದಲು ಆ ಚಿಂತೆ ಬಿಡಿ. ತಡೆಯಲಾಗದ ವಿಸರ್ಜನೆ ಇರುವ ರೋಗಿಗೆ ಶರೀಅತ್‌ನಲ್ಲಿ ಮಅಝೂರ್‌ನ ರಿಯಾಯಿತಿ ಇದೆ. ನಿಯಮದ ವಿವರ ನಿಮ್ಮ ಮಸೀದಿಯ ಆಲಿಮರಿಂದ ತಿಳಿದುಕೊಳ್ಳಿ. ಚೀಲಕ್ಕೆ ಹೆದರಿ ಜೀವ ಕಳೆದುಕೊಳ್ಳುವುದನ್ನು ದೀನ್ ನಿಮ್ಮಿಂದ ಕೇಳಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕೆಲವು ರೋಗಿಗಳಿಗೆ ಆಪರೇಷನ್ ಬೇಕಾಗದೆಯೂ ಇರಬಹುದು. ಬ್ರೆಜಿಲ್‌ನ ಶಸ್ತ್ರವೈದ್ಯೆ ಆಂಜೆಲಿಟಾ ಹಬರ್-ಗಾಮಾ ಅವರು 2004ರಲ್ಲಿ 265 ರೋಗಿಗಳ ಫಲಿತಾಂಶ ಪ್ರಕಟಿಸಿದರು. ವಿಕಿರಣ ಮತ್ತು ಕಿಮೋ ನಂತರ 71 ಜನರಲ್ಲಿ ಗಡ್ಡೆಯ ಗುರುತೇ ಸಿಗಲಿಲ್ಲ. ಅವರಿಗೆ ಕತ್ತರಿ ಹಾಕದೆ, ನಿಗಾ ಇಟ್ಟು ಕಾದರು. ಆಗ ಅನೇಕ ಸರ್ಜನ್ನರು ಇದನ್ನು ಒಪ್ಪಲಿಲ್ಲ. ಮುಂದೆ ಅಮೆರಿಕದಲ್ಲಿ 324 ರೋಗಿಗಳ ಮೇಲೆ ನಡೆದ 'ಓಪ್ರಾ' ಅಧ್ಯಯನ 2022ರಲ್ಲಿ ಹೊರಬಂತು. ಮೂರು ವರ್ಷದ ಬಳಿಕವೂ ಅವರಲ್ಲಿ ಸುಮಾರು ಅರ್ಧದಷ್ಟು ಜನರ ಗುದನಾಳ ಉಳಿದಿತ್ತು.

ನಮ್ಮ ಕಡೆ ಜನ "ಕರೆಂಟ್ ಕೊಡುವುದು" ಎನ್ನುತ್ತಾರಲ್ಲ, ಅದೇ ಈ ವಿಕಿರಣ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದು, ಐದೂವರೆ ವಾರ. ಜೊತೆಗೆ ಕಿಮೋ ಮಾತ್ರೆ, ಮುಂದೆ ಕೆಲವು ತಿಂಗಳು ಕಿಮೋ. ಭೇದಿ, ಮೂತ್ರ ಉರಿ, ಚರ್ಮ ಸುಡುವುದು ಇರುತ್ತದೆ. ಯುವತಿಯರಿಗೆ ಮುಟ್ಟು ನಿಂತು ಮಕ್ಕಳಾಗದಿರಬಹುದು, ಗಂಡಸರಿಗೂ ತೊಂದರೆಯಾಗಬಹುದು. ಮದುವೆಯಾಗದ ಮಕ್ಕಳಿದ್ದರೆ ಇದನ್ನು ಮೊದಲೇ ಡಾಕ್ಟರರ ಬಳಿ ಬಾಯಿಬಿಟ್ಟು ಕೇಳಿ. ಚಿಕಿತ್ಸೆ ರಮಝಾನಿನಲ್ಲಿ ಬಂದರೆ ಉಪವಾಸ ಮುಂದೂಡಲು ರೋಗಿಗೆ ಅನುಮತಿಯಿದೆ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ಈ ದಾರಿ ಎಲ್ಲರಿಗಲ್ಲ. ಗಡ್ಡೆ ಮಾಯವಾದವರಲ್ಲೂ ಸುಮಾರು ಕಾಲು ಭಾಗದಷ್ಟು ಜನರಿಗೆ ಅದು ಅಲ್ಲೇ ಮತ್ತೆ ಹುಟ್ಟುತ್ತದೆ, ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ. ಬೇಗ ಕಂಡರೆ ಆಗಲೂ ಆಪರೇಷನ್ ಮಾಡಿ ಉಳಿಸಬಹುದು. ಅದಕ್ಕೇ ಮೂರು-ನಾಲ್ಕು ತಿಂಗಳಿಗೊಮ್ಮೆ ಬೆರಳು ಪರೀಕ್ಷೆ, ದುರ್ಬೀನು, ಎಂಆರ್‌ಐ. "ಕಬ್ಬು ಕಟಾವು ಮುಗಿಯಲಿ, ಆಮೇಲೆ ನೋಡೋಣ" ಎನ್ನುವ ಸ್ವಭಾವದವರು ಆಪರೇಷನ್ ಮಾಡಿಸಿಕೊಳ್ಳುವುದೇ ಮೇಲು. ದೊಡ್ಡಕರುಳಿನ ಮೇಲ್ಭಾಗದ ಗಡ್ಡೆಗೆ ಈ ಮಾತು ಅನ್ವಯಿಸದು, ಗೊಂದಲ ಬೇಡ. ವಿಕಿರಣದ ನಂತರವೂ ಗಡ್ಡೆ ಉಳಿದಿದ್ದರೆ ಆಪರೇಷನ್‌ಗೆ ತಡಮಾಡಬೇಡಿ.

ಯುನಾನಿಯಲ್ಲಿ ಕ್ಯಾನ್ಸರ್‌ಗೆ ಸರತಾನ್ ಎನ್ನುತ್ತೇವೆ. ಯುನಾನಿ ಓದಿದವನಾಗಿಯೇ ಹೇಳುತ್ತೇನೆ: ಇದನ್ನು ಕರಗಿಸುವ ಮಾಜೂನ್ ನಮ್ಮ ಬಳಿ ಇಲ್ಲ. ಇದೆ ಎಂದು ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ಬವಾಸೀರ್ ಎಂದು ತಿಂಗಳುಗಟ್ಟಲೆ ಗುಳಿಗೆ ನುಂಗುತ್ತ ರಕ್ತ ಹೋಗುವುದನ್ನು ಸಹಿಸಿಕೊಂಡಿರುವವರೂ ಒಮ್ಮೆ ಬೆರಳು ಪರೀಕ್ಷೆ ಮಾಡಿಸಿ. ಎರಡು ನಿಮಿಷದ ಕೆಲಸ. ನಾಚಿಕೆಯೆನಿಸುವ ಹೆಂಗಸರು ಲೇಡಿ ಡಾಕ್ಟರ್ ಬಳಿ ಹೋಗಲಿ.

ಕಾಗವಾಡದವರಿಗೆ ಗಡಿ ದಾಟಿದರೆ ಮಿರಜ್‌ನಲ್ಲಿ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಗಡಿಯಾಚೆ ಹೋಗುವುದಾದರೆ ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಬಯಾಪ್ಸಿ ಮತ್ತು ಎಂಆರ್‌ಐ ವರದಿ ಹಿಡಿದು ಸರ್ಜನ್ ಹಾಗೂ ವಿಕಿರಣ ತಜ್ಞರು ಇಬ್ಬರನ್ನೂ ಕಂಡು ಕೇಳಿ: "ನಮ್ಮ ರೋಗಿಗೆ ಮೊದಲು ವಿಕಿರಣ ಕೊಟ್ಟು, ಆಮೇಲೆ ಆಪರೇಷನ್ ಬೇಕೋ ಬೇಡವೋ ಎಂದು ನೋಡಬಹುದೇ?"